ಪ್ರೌಢಶಾಲಾ ಶಿಕ್ಷಕರ ಮೌಲ್ಯಮಾಪನ: ಫಲಿತಾಂಶಕ್ಕೆ ಎಷ್ಟು ತೂಕ, ಪಾಠ ವೀಕ್ಷಣೆಗೆ ಎಷ್ಟು?

ಪ್ರಶ್ನೆ: ಮುಖ್ಯಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿ. ಶಿಕ್ಷಕರ ವಾರ್ಷಿಕ ಕಾರ್ಯಕ್ಷಮತೆಯನ್ನು ಅಳೆಯಲು ಹೊಸ ನಮೂನೆಯೊಂದನ್ನು ಸಿದ್ಧಪಡಿಸುವ ಸಮಿತಿಯಲ್ಲಿ ನನ್ನನ್ನೂ ಸೇರಿಸಿದ್ದಾರೆ. ಕರಡು ಈಗಾಗಲೇ ಕೈಸೇರಿದೆ. ಒಟ್ಟು 100 ಅಂಕಗಳಲ್ಲಿ 40 ಅಂಕ ಸಾರ್ವಜನಿಕ ಪರೀಕ್ಷೆಯ ಫಲಿತಾಂಶಕ್ಕೆ, 25 ಅಂಕ ವರ್ಷಕ್ಕೊಮ್ಮೆ ನಡೆಯುವ ಪಾಠ ವೀಕ್ಷಣೆಗೆ, 15 ಅಂಕ ದಾಖಲೆಗಳ ನಿರ್ವಹಣೆಗೆ, ಉಳಿದ 20 ಅಂಕ ವಿದ್ಯಾರ್ಥಿಗಳ ಅಭಿಪ್ರಾಯಕ್ಕೂ ಸ್ವಮೌಲ್ಯಮಾಪನಕ್ಕೂ ಸಮನಾಗಿ ಹಂಚಿಕೆಯಾಗಿದೆ. ಬಂದ ಒಟ್ಟು ಅಂಕಗಳ ಆಧಾರದ ಮೇಲೆ ಶಿಕ್ಷಕರನ್ನು ನಾಲ್ಕು ಶ್ರೇಣಿಗಳಲ್ಲಿ ಇರಿಸಿ, ಬಡ್ತಿಗೂ ತರಬೇತಿಗೂ ಅದೇ ಶ್ರೇಣಿಯನ್ನು ಬಳಸಬೇಕೆಂಬುದು ಉದ್ದೇಶ.

ಇದುವರೆಗೆ ಇದ್ದ ವ್ಯವಸ್ಥೆ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಗೌಪ್ಯ ವರದಿಯಲ್ಲಿ ಎಲ್ಲರಿಗೂ ‘ಉತ್ತಮ’ ಎಂದು ಬರೆದು ಸಹಿ ಹಾಕುವುದೇ ರೂಢಿಯಾಗಿತ್ತು. ನಿಜವಾಗಿ ಶ್ರಮಿಸುವವರಿಗೆ ಅದರಿಂದ ಯಾವ ಮನ್ನಣೆಯೂ ದೊರೆಯುತ್ತಿರಲಿಲ್ಲ, ತಡವರಿಸುತ್ತಿರುವವರಿಗೆ ಯಾವ ನೆರವೂ ಸಿಗುತ್ತಿರಲಿಲ್ಲ. ಆದ್ದರಿಂದ ಬದಲಾವಣೆಗೆ ನನ್ನ ವಿರೋಧವಿಲ್ಲ. ಆದರೆ ಪ್ರೌಢಶಾಲೆಯ ಸ್ವರೂಪವೇ ಬೇರೆ. ಇಲ್ಲಿ ಒಂದು ತರಗತಿಗೆ ಒಬ್ಬರೇ ಶಿಕ್ಷಕರಿರುವುದಿಲ್ಲ. ಒಬ್ಬ ವಿದ್ಯಾರ್ಥಿ ದಿನಕ್ಕೆ ಆರೇಳು ಶಿಕ್ಷಕರ ಕೈಯಲ್ಲಿ ಕಲಿಯುತ್ತಾನೆ, ಒಬ್ಬ ಶಿಕ್ಷಕ ನೂರಾರು ಮಕ್ಕಳಿಗೆ ಕಲಿಸುತ್ತಾನೆ. ಗಣಿತದ ಶಿಕ್ಷಕರಿಗೆ ಬರುವ ಮಕ್ಕಳಲ್ಲಿ ಕೆಲವರಿಗೆ ಭಾಗಾಕಾರವೇ ಸರಿಯಾಗಿ ಬಂದಿರುವುದಿಲ್ಲ. ಚಿತ್ರಕಲೆ, ದೈಹಿಕ ಶಿಕ್ಷಣ, ಸಂಗೀತದ ಶಿಕ್ಷಕರ ವಿಷಯಕ್ಕೆ ಸಾರ್ವಜನಿಕ ಪರೀಕ್ಷೆಯೇ ಇಲ್ಲ. ಇನ್ನು ನನ್ನ ಮಾತು ಹೇಳುವುದಾದರೆ, ನಾನು ಭಾಷಾ ಶಿಕ್ಷಕಿ. ಭೌತಶಾಸ್ತ್ರದ ಪಾಠದಲ್ಲಿ ಕುಳಿತರೆ ಶಿಸ್ತು, ಧ್ವನಿ, ಕಪ್ಪುಹಲಗೆಯ ಬಳಕೆ ಇವನ್ನು ಗುರುತಿಸಬಲ್ಲೆನೇ ಹೊರತು, ಪರಿಕಲ್ಪನೆಯನ್ನು ಸರಿಯಾದ ಕಡೆಯಿಂದ ಹಿಡಿದಿದ್ದಾರೆಯೇ ಎಂದು ಅಧಿಕಾರಯುತವಾಗಿ ಹೇಳಲಾರೆ.

ನನ್ನ ಪ್ರಶ್ನೆ ಇಷ್ಟು: ಫಲಿತಾಂಶಕ್ಕೆ 40 ಅಂಕ ಕೊಡುವುದು ನ್ಯಾಯವೇ? ಪಾಠ ವೀಕ್ಷಣೆಯನ್ನು ನಂಬುವಂತೆ ಮಾಡಲು ಏನು ಮಾಡಬೇಕು? ಬೇರೆಡೆ ಇಂತಹ ಪ್ರಯೋಗಗಳು ನಡೆದಿದ್ದರೆ ಅವುಗಳಿಂದ ತಿಳಿದುಬಂದದ್ದೇನು? ಸಮಿತಿಯ ಮುಂದೆ ಬರಿಯ ಅಸಮಾಧಾನವನ್ನು ಹೇಳಿಕೊಂಡರೆ ಸಾಲದು. ಆಧಾರ ಸಹಿತವಾಗಿ ಮಾತನಾಡಬೇಕಾಗಿದೆ.

ಉತ್ತರ: ಸಂಖ್ಯಾಶಾಸ್ತ್ರದ ಉಪನ್ಯಾಸಕ

ಮೇಡಂ, ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಅದು ನನ್ನ ವಿಷಯಕ್ಕೆ ಹತ್ತಿರವಾದದ್ದು.

ಕರಡಿನಲ್ಲಿ ‘ಫಲಿತಾಂಶ’ ಎಂದರೆ ಉತ್ತೀರ್ಣರಾದವರ ಶೇಕಡಾವಾರು ಪ್ರಮಾಣ ಎಂದಾದರೆ, ಅದಕ್ಕೆ 40 ಅಲ್ಲ, 4 ಅಂಕ ಕೊಡುವುದೂ ಕಷ್ಟ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಶೇ. 90 ಮತ್ತು ಶೇ. 80ರ ನಡುವಿನ ಅಂತರವೆಂದರೆ ನಾಲ್ಕು ಮಕ್ಕಳು. ಆ ನಾಲ್ವರಲ್ಲಿ ಒಬ್ಬ ಪರೀಕ್ಷೆಯ ವಾರ ಜ್ವರದಿಂದ ಮಲಗಿದ್ದು, ಇನ್ನಿಬ್ಬರು ವರ್ಷದ ನಡುವೆ ಬೇರೆ ಶಾಲೆಯಿಂದ ಬಂದು ಸೇರಿದವರಾಗಿದ್ದರೆ, ಶಿಕ್ಷಕರ ಶ್ರೇಣಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಅದರಲ್ಲಿ ಪಾಠದ ಗುಣಮಟ್ಟದ ಸುದ್ದಿಯೇ ಇಲ್ಲ. ಮೇಲಾಗಿ, ಉತ್ತೀರ್ಣತೆಯ ಗೆರೆಯನ್ನೇ ಅಳತೆಗೋಲಾಗಿ ಇಟ್ಟರೆ ಶಿಕ್ಷಕರ ಗಮನವೆಲ್ಲ ಗೆರೆಯ ಆಚೀಚೆ ಇರುವ ಐದಾರು ಮಕ್ಕಳ ಮೇಲೆ ಬೀಳುತ್ತದೆ. ತೀರಾ ಹಿಂದುಳಿದವರಿಗೂ ಚೆನ್ನಾಗಿ ಓದುವವರಿಗೂ ಸಮಯ ಕೊಡುವುದರಿಂದ ಲೆಕ್ಕಕ್ಕೆ ಬರುವ ಲಾಭವಿರುವುದಿಲ್ಲ.

ಈ ದೋಷವನ್ನು ಸರಿಪಡಿಸಲೆಂದೇ ‘ಮೌಲ್ಯವರ್ಧನೆ’ಯ ಲೆಕ್ಕಾಚಾರ ಬಂದಿತು. ವಿದ್ಯಾರ್ಥಿ ಹಿಂದಿನ ವರ್ಷಗಳಲ್ಲಿ ಪಡೆದ ಅಂಕಗಳಿಂದ ಅವನು ಈ ವರ್ಷ ಎಷ್ಟು ಪಡೆಯಬಹುದೆಂದು ಅಂದಾಜಿಸಿ, ಅದಕ್ಕಿಂತ ಹೆಚ್ಚು ಪಡೆದರೆ ಅದನ್ನು ಶಿಕ್ಷಕರ ಖಾತೆಗೆ ಸೇರಿಸುವುದು ಅದರ ತಿರುಳು. ಅಮೆರಿಕದ ಟೆನೆಸಿ ರಾಜ್ಯವು ವಿಲಿಯಂ ಸ್ಯಾಂಡರ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರ ಮಾದರಿಯನ್ನು 1990ರ ದಶಕದ ಆರಂಭದಲ್ಲಿಯೇ ಅಳವಡಿಸಿಕೊಂಡಿತು. ಉತ್ತೀರ್ಣರ ಶೇಕಡಾವಾರಿಗಿಂತ ಇದು ಎಷ್ಟೋ ಪಾಲು ನ್ಯಾಯವಾದದ್ದು, ಅದರಲ್ಲಿ ಸಂದೇಹವಿಲ್ಲ. ಆದರೂ 2014ರಲ್ಲಿ ಅಮೆರಿಕನ್ ಸಂಖ್ಯಾಶಾಸ್ತ್ರ ಸಂಘವು ಹೊರಡಿಸಿದ ಹೇಳಿಕೆಯನ್ನು ಸಮಿತಿಯವರು ಒಮ್ಮೆ ಓದಬೇಕು. ವಿದ್ಯಾರ್ಥಿಗಳ ಅಂಕಗಳಲ್ಲಿ ಕಾಣುವ ಒಟ್ಟು ವ್ಯತ್ಯಾಸದಲ್ಲಿ ಶಿಕ್ಷಕರಿಂದ ಉಂಟಾಗುವ ಪಾಲು ಶೇ. 1ರಿಂದ 14ರಷ್ಟು ಎಂದು ಬಹುತೇಕ ಅಧ್ಯಯನಗಳು ಕಂಡುಕೊಂಡಿವೆ ಎಂದು ಅದು ಹೇಳುತ್ತದೆ. ಶಿಕ್ಷಕರು ಮುಖ್ಯರಲ್ಲ ಎಂದು ಇದರ ಅರ್ಥವಲ್ಲ. ಅಂಕಗಳ ಏರಿಳಿತವನ್ನು ನೋಡಿ ಅದರೊಳಗಿನಿಂದ ಒಬ್ಬ ಶಿಕ್ಷಕರ ಪಾಲನ್ನು ಬೇರ್ಪಡಿಸಿ ತೆಗೆಯುವುದು ಬಹಳ ನಾಜೂಕಿನ ಕೆಲಸ ಎಂದು ಅರ್ಥ.

ಆ ಲೆಕ್ಕಾಚಾರ ಎಲ್ಲಿ ಎಡವುತ್ತದೆ ಎನ್ನುವುದಕ್ಕೆ ಅರ್ಥಶಾಸ್ತ್ರಜ್ಞ ಜೆಸ್ಸಿ ರಾತ್‌ಸ್ಟೈನ್ ಅವರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ನನಗೆ ಬಹಳ ಇಷ್ಟ. ಐದನೆಯ ತರಗತಿಯ ಶಿಕ್ಷಕರು ನಾಲ್ಕನೆಯ ತರಗತಿಯ ಅಂಕಗಳ ಮೇಲೆ ಪ್ರಭಾವ ಬೀರಿದ್ದಾರೆಯೇ ಎಂದು ಅವರು ಅದೇ ಬಗೆಯ ಮಾದರಿಗಳನ್ನು ಕೇಳಿದರು. ಬೀರಿದ್ದಾರೆ ಎಂಬ ಉತ್ತರ ಬಂದಿತು. ಇನ್ನೂ ಭೇಟಿಯೇ ಆಗದ ಮಕ್ಕಳಿಗೆ ಹಿಂದಿನ ವರ್ಷ ಕಲಿಸುವುದು ಯಾರಿಂದಲೂ ಸಾಧ್ಯವಿಲ್ಲವಾದ್ದರಿಂದ, ಯಾವ ಮಕ್ಕಳು ಯಾವ ಶಿಕ್ಷಕರ ಕೈಗೆ ಹೋಗುತ್ತಾರೆ ಎಂಬ ಹಂಚಿಕೆಯೇ ಅಂಕಿಗಳೊಳಗೆ ಅಡಗಿ ಕುಳಿತಿತ್ತು ಎಂದಾಯಿತು. ಈ ತೀರ್ಮಾನದ ಮೇಲೆ ವಾದವಿವಾದ ಮುಂದುವರಿದಿದೆ, ನಿಜ. ಆದರೆ ಪ್ರೌಢಶಾಲೆಯಲ್ಲಿ ಈ ತೊಡಕು ಹೆಚ್ಚೇ ಹೊರತು ಕಡಿಮೆಯಲ್ಲ. ಜಾಣ ಮಕ್ಕಳ ವಿಭಾಗ, ಸಾಧಾರಣ ಮಕ್ಕಳ ವಿಭಾಗ ಎಂದು ಬೇರ್ಪಡಿಸುವ ಶಾಲೆಗಳಲ್ಲಿ ಆ ವಿಂಗಡಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಪ್ರೌಢಶಾಲಾ ಶಿಕ್ಷಕರ ಪ್ರಭಾವದ ಅಂದಾಜು ದಾರಿ ತಪ್ಪುತ್ತದೆ ಎಂದು ಕಿರಾಬೊ ಜ್ಯಾಕ್ಸನ್ ಅವರ 2014ರ ಅಧ್ಯಯನ ತೋರಿಸಿದೆ.

ಇನ್ನು ಅಂಕಕ್ಕೆ ಹಣವನ್ನೋ ಬಡ್ತಿಯನ್ನೋ ಕಟ್ಟಿಹಾಕುವ ವಿಚಾರ. ಇದು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1862ರಲ್ಲಿ ಬಂದ ನಿಯಮಾವಳಿಯು ಶಾಲೆಗೆ ಸಿಗುವ ಅನುದಾನವನ್ನು ಮಕ್ಕಳ ಹಾಜರಾತಿಗೂ, ಓದು, ಬರಹ, ಲೆಕ್ಕಗಳಲ್ಲಿ ಪರಿವೀಕ್ಷಕರು ನಡೆಸುವ ಪರೀಕ್ಷೆಗೂ ತಳುಕು ಹಾಕಿತು. ಪರೀಕ್ಷಿಸದ ವಿಷಯಗಳು ಮೂಲೆಗೆ ಸರಿದವು, ಬಾಯಿಪಾಠ ಹೆಚ್ಚಿತು. ಮೂರು ದಶಕಗಳ ನಂತರ ಅದನ್ನು ಕೈಬಿಡಬೇಕಾಯಿತು. ನಮ್ಮ ಕಾಲದ್ದೇ ಉದಾಹರಣೆ ಬೇಕೆಂದರೆ ಅಮೆರಿಕದ ಅಟ್ಲಾಂಟಾ ನಗರದ್ದು ಇದೆ. ಅಲ್ಲಿ 2011ರ ತನಿಖಾ ವರದಿಯ ಪ್ರಕಾರ ಪರಿಶೀಲಿಸಿದ 56 ಶಾಲೆಗಳ ಪೈಕಿ 44ರಲ್ಲಿ ಉತ್ತರಗಳನ್ನು ತಿದ್ದುವುದೇ ಮೊದಲಾದ ಅಕ್ರಮಗಳು ನಡೆದಿದ್ದವು. ಯಾವ ಸಂಖ್ಯೆಯನ್ನು ನಿರ್ಧಾರಗಳಿಗೆ ಹೆಚ್ಚು ಹೆಚ್ಚಾಗಿ ಬಳಸುತ್ತೇವೋ ಆ ಸಂಖ್ಯೆಯೇ ಕಲುಷಿತವಾಗುವ ಒತ್ತಡವೂ ಅಷ್ಟೇ ಹೆಚ್ಚುತ್ತದೆ ಎಂದು ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿಯೇ ಎಚ್ಚರಿಸಿದ್ದರು.

ಆದ್ದರಿಂದ ನನ್ನ ಸಲಹೆ ಇದು. ಫಲಿತಾಂಶವನ್ನು ಅಂಕವಾಗಿ ಸೇರಿಸಬೇಡಿ, ಪ್ರಶ್ನೆಯಾಗಿ ಬಳಸಿ. ಮೂರು ವರ್ಷಗಳ ಸರಾಸರಿಯಲ್ಲಿ, ಮಕ್ಕಳ ಪೂರ್ವಸಾಧನೆಯನ್ನು ಗಣನೆಗೆ ತೆಗೆದುಕೊಂಡ ನಂತರವೂ, ಒಬ್ಬರ ತರಗತಿಗಳು ನಿರಂತರವಾಗಿ ಹಿಂದೆ ಬಿದ್ದಿದ್ದರೆ, ಅಲ್ಲಿಗೆ ಹೋಗಿ ನೋಡಬೇಕು ಎಂಬುದಕ್ಕೆ ಅದು ಸೂಚನೆ. ನೋಡಿದ ಮೇಲೆ ಸಿಗುವುದೇ ಪುರಾವೆ.

ಉತ್ತರ: ನಿವೃತ್ತ ವಿಷಯ ಪರಿವೀಕ್ಷಕ

ಮೇಲಿನ ಉತ್ತರ ‘ಹೋಗಿ ನೋಡಬೇಕು’ ಎಂದು ಮುಗಿಯುತ್ತದೆ. ಹೇಗೆ ನೋಡಬೇಕೆಂಬುದರಲ್ಲಿಯೇ ಕಷ್ಟವೆಲ್ಲ ಇದೆ. ನನ್ನ ಸೇವಾವಧಿಯ ಬಹುಪಾಲು ಇತರರ ಪಾಠ ನೋಡುವುದರಲ್ಲಿಯೇ ಕಳೆದಿದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆದರೆ ಕ್ಷಮಿಸಬೇಕು.

ವರ್ಷಕ್ಕೊಮ್ಮೆ, ಮುಂಚಿತವಾಗಿ ತಿಳಿಸಿ, ಒಬ್ಬರೇ ಬಂದು ನೋಡುವ ಪಾಠಕ್ಕೆ 25 ಅಂಕ ಕೊಡುವುದೆಂದರೆ ಅದು ಪಾಠಕ್ಕಲ್ಲ, ಪ್ರದರ್ಶನಕ್ಕೆ ಕೊಟ್ಟ ಅಂಕ. ಪರಿವೀಕ್ಷಕರು ಬರುವ ದಿನ ಮಕ್ಕಳೂ ಬೇರೆಯೇ ಆಗಿಬಿಡುತ್ತಾರೆ. ಹಿಂದಿನ ದಿನ ಮಾಡಿ ಮುಗಿಸಿದ ಪಾಠವನ್ನೇ ಮತ್ತೊಮ್ಮೆ ಮಾಡುವವರೂ ಇದ್ದಾರೆ. ಉತ್ತರಗಳು ಪ್ರಶ್ನೆ ಮುಗಿಯುವ ಮೊದಲೇ ಬರುವುದರಿಂದ ಅದು ತಿಳಿದುಬಿಡುತ್ತದೆ.

ವೀಕ್ಷಣೆಯ ದೊಡ್ಡ ದೋಷವೆಂದರೆ ನೋಡುವುದಕ್ಕೆ ಮೊದಲೇ ತೀರ್ಪು ಬರೆಯುವುದು. ‘ಮಕ್ಕಳ ಪಾಲ್ಗೊಳ್ಳುವಿಕೆ ತೃಪ್ತಿಕರ’ ಎಂದು ನಮೂನೆಯಲ್ಲಿ ಗುರುತು ಹಾಕಿದರೆ ಶಿಕ್ಷಕರಿಗೆ ಅದರಿಂದ ತಿಳಿಯುವುದೇನೂ ಇಲ್ಲ. ಅದರ ಬದಲು ಟಿಪ್ಪಣಿ ಹೀಗಿದ್ದರೆ ನೋಡಿ: “ಪಾಠ ಆರಂಭವಾಗಿ ಹನ್ನೆರಡನೆಯ ನಿಮಿಷ. ‘ಮಂಜುಗಡ್ಡೆ ನೀರಿನ ಮೇಲೆ ಏಕೆ ತೇಲುತ್ತದೆ?’ ಎಂದು ಕೇಳಿದರು. ಒಂದು ಸೆಕೆಂಡೂ ಕಾಯಲಿಲ್ಲ. ಮುಂದಿನ ಬೆಂಚಿನ ಹುಡುಗಿ ‘ಹಗುರ’ ಎಂದಳು. ‘ಸರಿ’ ಎಂದು ಹೇಳಿ ಸಾಂದ್ರತೆಯ ಸೂತ್ರವನ್ನು ಹಲಗೆಯ ಮೇಲೆ ಬರೆದರು. ಹಿಂದಿನ ಎರಡು ಸಾಲಿನವರು ಸೂತ್ರವನ್ನು ನಕಲು ಮಾಡಿಕೊಂಡರು. ಮುಂದಿನ ಪ್ರಶ್ನೆಗೂ ಉತ್ತರಿಸಿದವಳು ಅದೇ ಹುಡುಗಿ.” ಇದರಲ್ಲಿ ಒಂದು ವಿಶೇಷಣವೂ ಇಲ್ಲ, ನಿಂದೆಯೂ ಇಲ್ಲ. ಆದರೆ ಇದನ್ನು ಓದಿದ ಶಿಕ್ಷಕರಿಗೆ ತಮ್ಮ ಪಾಠದಲ್ಲಿ ಏನು ನಡೆಯಿತು, ‘ಹಗುರ’ ಎಂಬ ಅರೆ ಉತ್ತರವನ್ನು ಎಲ್ಲಿ ಹಿಡಿದು ನಿಲ್ಲಿಸಬಹುದಿತ್ತು, ಹಿಂದಿನ ಸಾಲಿನವರು ಎಲ್ಲಿ ಕಳೆದುಹೋದರು ಎಂಬುದು ತಾನಾಗಿಯೇ ಕಾಣುತ್ತದೆ. ಪ್ರಶ್ನೆ ಕೇಳಿದ ಬಳಿಕ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂರುವವರೂ ಬಾಯಿಬಿಡುತ್ತಾರೆ ಎಂದು ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳಿಂದ ತೋರಿಸಿದ್ದರು. ಇಷ್ಟು ಸಣ್ಣ ಸಂಗತಿ ಯಾವ ಶ್ರೇಣಿಯ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ, ಟಿಪ್ಪಣಿಯಲ್ಲಿ ಮಾತ್ರ ಕಾಣಿಸುತ್ತದೆ.

ಮುಖ್ಯಶಿಕ್ಷಕಿಯವರು ತಾವು ಭಾಷಾ ಶಿಕ್ಷಕಿ, ಭೌತಶಾಸ್ತ್ರವನ್ನು ಹೇಗೆ ತೂಗುವುದು ಎಂದು ಕೇಳಿದ್ದಾರೆ. ತೂಗಬೇಡಿ, ಮೇಡಂ. ಅದಕ್ಕೆ ಅದೇ ವಿಷಯದ ಇನ್ನೊಬ್ಬ ಅನುಭವಿ ಶಿಕ್ಷಕರನ್ನು ಬೇರೆ ಶಾಲೆಯಿಂದ ಕರೆಸಿಕೊಳ್ಳಿ. ನೀವು ಒಂದು ಪಾಠ, ಅವರು ಒಂದು ಪಾಠ ಎಂದು ಬೇರೆ ಬೇರೆ ದಿನ ನೋಡಿ. ಇದು ನನ್ನ ಇಷ್ಟದ ಮಾತಷ್ಟೇ ಅಲ್ಲ. ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಅಮೆರಿಕದಲ್ಲಿ ಸುಮಾರು 3,000 ಶಿಕ್ಷಕರನ್ನು ಒಳಗೊಂಡು ನಡೆದ, 2013ರ ಆರಂಭದಲ್ಲಿ ಅಂತಿಮ ವರದಿ ಹೊರಬಂದ ಅಧ್ಯಯನದಲ್ಲಿ, ಒಬ್ಬರೇ ಇನ್ನೊಂದು ಪಾಠ ನೋಡುವುದಕ್ಕಿಂತ ಎರಡನೆಯವರೊಬ್ಬರು ನೋಡುವುದರಿಂದ ವೀಕ್ಷಣೆಯ ವಿಶ್ವಾಸಾರ್ಹತೆ ಹೆಚ್ಚು ಬೆಳೆಯುತ್ತದೆ ಎಂಬುದು ಕಂಡುಬಂದಿತು. ಇಬ್ಬರು ನೋಡಿದರೆ ಒಬ್ಬರ ಒಲವು ಇನ್ನೊಬ್ಬರಿಂದ ಸರಿತೂಗುತ್ತದೆ. ಹೊರಗಿನವರು ಇದ್ದಾಗ ಒಳಗಿನವರ ಸ್ನೇಹ-ಮುನಿಸುಗಳಿಗೂ ಕಡಿವಾಣ ಬೀಳುತ್ತದೆ.

ಹಾಗೆಂದು ವೀಕ್ಷಣೆಯೇ ಶುದ್ಧವೆಂದು ಭಾವಿಸಬಾರದು. ಚೆನ್ನಾಗಿ ಓದುವ ಮಕ್ಕಳ ತರಗತಿ ಸಿಕ್ಕ ಶಿಕ್ಷಕರಿಗೆ ವೀಕ್ಷಕರು ಹೆಚ್ಚು ಅಂಕ ಕೊಡುವ ಪ್ರವೃತ್ತಿ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಚುರುಕಾದ ತರಗತಿ ಯಾರ ಪಾಠವನ್ನಾದರೂ ಚೆನ್ನಾಗಿ ಕಾಣಿಸುತ್ತದೆ. ಮುಖ್ಯ ಶಿಕ್ಷಕರ ಅಂದಾಜು ಕುರಿತು ಬ್ರಯಾನ್ ಜೇಕಬ್ ಮತ್ತು ಲಾರ್ಸ್ ಲೆಫ್‌ಗ್ರೆನ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ನೆನಪಾಗುತ್ತದೆ: ಮಕ್ಕಳ ಕಲಿಕೆಯನ್ನು ಅತಿ ಹೆಚ್ಚು ಬೆಳೆಸುವವರನ್ನೂ ಅತಿ ಕಡಿಮೆ ಬೆಳೆಸುವವರನ್ನೂ ಮುಖ್ಯ ಶಿಕ್ಷಕರು ಸಾಕಷ್ಟು ಸರಿಯಾಗಿ ಗುರುತಿಸಿದರು, ಆದರೆ ನಡುವೆ ಇರುವ ದೊಡ್ಡ ಗುಂಪಿನಲ್ಲಿ ಯಾರು ಮೇಲು, ಯಾರು ಕೆಳಗೆ ಎಂದು ಬೇರ್ಪಡಿಸಲು ಅವರಿಂದ ಆಗಲಿಲ್ಲ. ನಾಲ್ಕು ಶ್ರೇಣಿಗಳ ನಡುವಿನ ಎರಡು ಶ್ರೇಣಿಗಳಿಗೆ ನಿಮ್ಮ ಸಮಿತಿ ಇಷ್ಟೊಂದು ಪರಿಣಾಮಗಳನ್ನು ಜೋಡಿಸುವ ಮುನ್ನ ಇದನ್ನು ಯೋಚಿಸಬೇಕು. ಇಂಗ್ಲೆಂಡಿನ ಶಾಲಾ ಪರಿವೀಕ್ಷಣಾ ಸಂಸ್ಥೆಯಾದ ಆಫ್‌ಸ್ಟೆಡ್ ಕೂಡ ಬಿಡಿ ಬಿಡಿ ಪಾಠಗಳಿಗೆ ದರ್ಜೆ ಕೊಡುವುದನ್ನು 2014ರಿಂದ ನಿಲ್ಲಿಸಿಬಿಟ್ಟಿತು.

ಇನ್ನೊಂದು ಮಾತು. ಪಾಠಕ್ಕಿಂತಲೂ ಹೆಚ್ಚು ನಂಬಬಹುದಾದ ಸಾಕ್ಷಿ ಮಕ್ಕಳ ನೋಟ್‌ಬುಕ್‌ಗಳಲ್ಲಿದೆ. ಮೂವರು ಜಾಣರು, ಮೂವರು ಸಾಧಾರಣರು, ಮೂವರು ಹಿಂದುಳಿದವರು ಹೀಗೆ ನೀವೇ ಆರಿಸಿ ತರಿಸಿಕೊಳ್ಳಿ. ಶಿಕ್ಷಕರು ಆರಿಸಿ ಕೊಟ್ಟದ್ದನ್ನು ನೋಡಬೇಡಿ. ಪುಟದ ಕೊನೆಯಲ್ಲಿ ಕೆಂಪು ಶಾಯಿಯ ಸಹಿ ಮಾತ್ರ ಇದೆಯೇ, ಅಥವಾ ಸಮೀಕರಣದ ಮೂರನೆಯ ಹಂತದಲ್ಲಿ ಚಿಹ್ನೆ ತಪ್ಪಿದ್ದನ್ನು ಸುತ್ತು ಹಾಕಿ ತೋರಿಸಿ, ಮಗು ಅದನ್ನು ಕೆಳಗೆ ಮತ್ತೆ ಮಾಡಿದೆಯೇ, ಅದೇ ತಪ್ಪು ಮುಂದಿನ ತಿಂಗಳು ಮರುಕಳಿಸಿದೆಯೇ ಎಂದು ನೋಡಿ. ಒಂದು ವರ್ಷದ ಬೋಧನೆ ಆ ಒಂಬತ್ತು ಪುಸ್ತಕಗಳಲ್ಲಿ ಇರುತ್ತದೆ. ಯಾರೂ ಅದನ್ನು ಹಿಂದಿನ ರಾತ್ರಿ ಕುಳಿತು ತಯಾರಿಸಲಾರರು. ಕರಡಿನಲ್ಲಿರುವ ‘ದಾಖಲೆಗಳ ನಿರ್ವಹಣೆ’ ಎಂಬ 15 ಅಂಕಗಳು ಪಾಠ ಯೋಜನೆಯ ಕಡತವನ್ನು ಅಂದವಾಗಿ ಬರೆದಿಡುವುದಕ್ಕಾದರೆ ಅದನ್ನು ತೆಗೆದುಹಾಕಿ, ಈ ಪರಿಶೀಲನೆಗೆ ಕೊಡಿ.

ಉತ್ತರ: ವಿಜ್ಞಾನ ಶಿಕ್ಷಕ

ಇಬ್ಬರು ಹಿರಿಯರ ಮಾತುಗಳನ್ನೂ ಗೌರವದಿಂದ ಓದಿದೆ. ಆದರೆ ಮೌಲ್ಯಮಾಪನಕ್ಕೆ ಒಳಗಾಗುವವನಾಗಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ಅದು ನನ್ನ ಸಹೋದ್ಯೋಗಿಗಳಿಗೂ ರುಚಿಸಲಿಕ್ಕಿಲ್ಲ.

ಫಲಿತಾಂಶವನ್ನು ‘ಪ್ರಶ್ನೆ’ಯ ಮಟ್ಟಕ್ಕೆ ಇಳಿಸಿಬಿಟ್ಟರೆ ಉಳಿಯುವುದು ಮನುಷ್ಯರ ಅಭಿಪ್ರಾಯ ಮಾತ್ರ. ಅಭಿಪ್ರಾಯದ ವ್ಯವಸ್ಥೆ ಎಲ್ಲಿಗೆ ಬಂದು ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತು. ಅಮೆರಿಕದ 12 ಶಾಲಾ ಜಿಲ್ಲೆಗಳನ್ನು ಕುರಿತ 2009ರ ವರದಿಯೊಂದರ ಪ್ರಕಾರ, ‘ತೃಪ್ತಿಕರ’ ಮತ್ತು ‘ಅತೃಪ್ತಿಕರ’ ಎಂಬ ಎರಡೇ ಶ್ರೇಣಿಗಳಿದ್ದ ಕಡೆ ಶೇ. 99ಕ್ಕೂ ಹೆಚ್ಚು ಶಿಕ್ಷಕರು ‘ತೃಪ್ತಿಕರ’ರಾಗಿದ್ದರು. ಅಂಕಗಳು ಅಪೂರ್ಣವಾದರೂ ಮುಖ ನೋಡಿ ಮಣೆ ಹಾಕುವುದಿಲ್ಲ. ರಾಜ್ ಚೆಟ್ಟಿ ಮತ್ತು ಸಂಗಡಿಗರು 25 ಲಕ್ಷ ಮಕ್ಕಳ ದಾಖಲೆಗಳನ್ನು ಹಿಡಿದು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೌಲ್ಯವರ್ಧನೆಯ ಲೆಕ್ಕದಲ್ಲಿ ಮೇಲಿದ್ದ ಶಿಕ್ಷಕರ ವಿದ್ಯಾರ್ಥಿಗಳು ಮುಂದೆ ಕಾಲೇಜಿಗೆ ಹೋಗುವ ಸಾಧ್ಯತೆಯೂ ಅವರ ಗಳಿಕೆಯೂ ಹೆಚ್ಚಾಗಿತ್ತು. ಅಂದರೆ ಆ ಲೆಕ್ಕ ಬರಿಯ ಗದ್ದಲವಲ್ಲ, ಅದರೊಳಗೆ ಏನೋ ಇದೆ. ಪ್ರೋತ್ಸಾಹಧನ ಎಲ್ಲೆಡೆ ಸೋತಿದೆ ಎನ್ನುವುದೂ ಸರಿಯಲ್ಲ. ಆಂಧ್ರಪ್ರದೇಶದ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಪ್ರಯೋಗದಲ್ಲಿ, ಫಲಿತಾಂಶಕ್ಕೆ ಪ್ರೋತ್ಸಾಹಧನ ಪಡೆದ ಶಿಕ್ಷಕರ ಮಕ್ಕಳು ಗಣಿತ, ಭಾಷೆಗಳಲ್ಲಿ ಮಾತ್ರವಲ್ಲದೆ, ಪ್ರೋತ್ಸಾಹಧನವಿಲ್ಲದ ವಿಜ್ಞಾನ, ಸಮಾಜ ವಿಷಯಗಳಲ್ಲಿಯೂ ಮುಂದೆ ಬಂದರು.

ಆದರೂ ಕರಡನ್ನು ನಾನು ಒಪ್ಪುವುದಿಲ್ಲ. ಒಂದೇ ಅಂಕವನ್ನು ಎರಡು ಕೆಲಸಗಳಿಗೆ ಬಳಸುತ್ತಿರುವುದು ಅದಕ್ಕೆ ಕಾರಣ. ತರಬೇತಿಯ ಅಗತ್ಯವನ್ನು ಕಂಡುಕೊಳ್ಳಬೇಕಾದರೆ ಶಿಕ್ಷಕ ತನ್ನ ದೌರ್ಬಲ್ಯವನ್ನು ತೆರೆದು ತೋರಿಸಬೇಕು. ಬಡ್ತಿಗೆ ಅದೇ ಹಾಳೆ ಆಧಾರವಾದರೆ ಅವನು ಅದನ್ನು ಮುಚ್ಚಿಡುತ್ತಾನೆ. ಸ್ವಮೌಲ್ಯಮಾಪನಕ್ಕೆ 10 ಅಂಕವಿಟ್ಟರೆ ಹತ್ತಕ್ಕೆ ಹತ್ತು ಬರೆದುಕೊಳ್ಳದ ಮೂಢ ಯಾರು? ‘ಎಂಟನೆಯ ತರಗತಿಯಲ್ಲಿ ವಿದ್ಯುತ್ ಮಂಡಲದ ಪಾಠವನ್ನು ಪ್ರಯೋಗದ ಮೂಲಕ ಕಲಿಸಲು ನನಗೆ ಇನ್ನೂ ಧೈರ್ಯವಿಲ್ಲ’ ಎಂದು ಬರೆದವನಿಗೆ ಅಂಕ ಕಡಿಮೆಯಾದರೆ ಮರುವರ್ಷ ಅವನು ಹಾಗೆ ಬರೆಯುವುದಿಲ್ಲ.

ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಸೇವೆಯ ನಡುಘಟ್ಟದಲ್ಲಿದ್ದ ಶಿಕ್ಷಕರ ಪಾಠಗಳನ್ನು ಹೊರಗಿನ ಅನುಭವಿ ಶಿಕ್ಷಕರೂ ಶಾಲಾ ಮುಖ್ಯಸ್ಥರೂ ಸೇರಿ ಒಂದು ವರ್ಷದಲ್ಲಿ ನಾಲ್ಕು ಬಾರಿ ನೋಡಿ, ವಿವರವಾದ ಹಿಮ್ಮಾಹಿತಿ ಕೊಟ್ಟರು. ಆ ವರ್ಷ ಮಾತ್ರವಲ್ಲ, ಅದರ ನಂತರದ ವರ್ಷಗಳಲ್ಲಿಯೂ ಅವರ ವಿದ್ಯಾರ್ಥಿಗಳ ಗಣಿತದ ಸಾಧನೆ ಮೇಲೇರಿತೆಂದು ಎರಿಕ್ ಟೇಲರ್ ಮತ್ತು ಜಾನ್ ಟೈಲರ್ ಅವರ 2012ರ ಅಧ್ಯಯನ ತೋರಿಸಿತು. ಇನ್ನೊಂದೆಡೆ, ಶ್ರೇಣೀಕರಣ, ಪ್ರೋತ್ಸಾಹಧನ, ನೇಮಕಾತಿ ಎಲ್ಲವನ್ನೂ ಹೊಸ ಮೌಲ್ಯಮಾಪನಕ್ಕೆ ಜೋಡಿಸಿ ಹಲವು ಶಾಲಾ ಜಿಲ್ಲೆಗಳಲ್ಲಿ ಅಪಾರ ವೆಚ್ಚದಿಂದ ನಡೆಸಿದ ಕಾರ್ಯಕ್ರಮವು ವಿದ್ಯಾರ್ಥಿಗಳ ಸಾಧನೆಯನ್ನು ನಿರೀಕ್ಷಿಸಿದಂತೆ ಹೆಚ್ಚಿಸಲಿಲ್ಲವೆಂದು ಅಲ್ಲಿನ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2018ರಲ್ಲಿ ವರದಿ ಮಾಡಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ಅನಿಸುವುದು, ಹಿಮ್ಮಾಹಿತಿಯ ಗುಣಮಟ್ಟಕ್ಕೆ ಇರುವ ಬಲ ಶ್ರೇಣಿಯ ಹೆಸರಿಗೆ ಇಲ್ಲ.

ಇನ್ನು ಅಂಕವನ್ನು ಬಳಸಲೇಬೇಕೆಂದಾದರೆ, ಅದು ಹೇಗೆ ಬಂದಿತೆಂದು ಶಿಕ್ಷಕ ಪರಿಶೀಲಿಸಲು ಸಾಧ್ಯವಾಗಬೇಕು. ಹ್ಯೂಸ್ಟನ್ ನಗರದಲ್ಲಿ ಖಾಸಗಿ ಕಂಪನಿಯೊಂದರ ಗುಟ್ಟಿನ ಸೂತ್ರದಿಂದ ಬಂದ ಅಂಕದ ಆಧಾರದಲ್ಲಿ ಶಿಕ್ಷಕರ ನೌಕರಿ ನಿರ್ಧಾರವಾಗುತ್ತಿತ್ತು. ತಮ್ಮ ಅಂಕವನ್ನು ತಾವೇ ಪರಿಶೀಲಿಸಲಾಗದ ಶಿಕ್ಷಕರ ದೂರನ್ನು ವಿಚಾರಣೆಗೆ ಮುಂದುವರಿಸಲು ನ್ಯಾಯಾಲಯ 2017ರಲ್ಲಿ ಅವಕಾಶ ನೀಡಿತು. ಕೊನೆಗೆ ಅದು ರಾಜಿಯಲ್ಲಿ ಮುಗಿಯಿತು. ನಿಮ್ಮ ನಮೂನೆಯಲ್ಲಿ ಮೇಲ್ಮನವಿಗೆ ಜಾಗವಿದೆಯೇ, ಮೇಡಂ? ಕರಡಿನ ವಿವರಣೆಯಲ್ಲಿ ನನಗೆ ಅದು ಕಾಣಲಿಲ್ಲ.

ಮರುಪ್ರಶ್ನೆ: ಮುಖ್ಯಶಿಕ್ಷಕಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಲ್ಮನವಿಗೆ ಕರಡಿನಲ್ಲಿ ಅವಕಾಶವಿಲ್ಲ. ಅದನ್ನು ಸಮಿತಿಯಲ್ಲಿ ಮೊದಲ ವಿಷಯವಾಗಿಯೇ ಎತ್ತುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಮೊದಲನೆಯದಾಗಿ, ವಿದ್ಯಾರ್ಥಿಗಳ ಅಭಿಪ್ರಾಯವನ್ನು ಕೇಳಿದರೆ ಮೃದುವಾಗಿರುವವರಿಗೆ ಹೆಚ್ಚು, ಕಟ್ಟುನಿಟ್ಟಾಗಿರುವವರಿಗೆ ಕಡಿಮೆ ಅಂಕ ಬರುತ್ತದೆಂಬ ಭಯ ನಮ್ಮ ಶಿಕ್ಷಕರಲ್ಲಿದೆ. ಎರಡನೆಯದಾಗಿ, ಸಾರ್ವಜನಿಕ ಪರೀಕ್ಷೆ ಇಲ್ಲದ ವಿಷಯಗಳ ಶಿಕ್ಷಕರಿಗೆ ಶಾಲೆಯ ಒಟ್ಟು ಫಲಿತಾಂಶವನ್ನೇ ಹಾಕಬೇಕೆಂದು ಸಮಿತಿಯಲ್ಲಿ ಒಬ್ಬರು ಸೂಚಿಸಿದ್ದಾರೆ. ದೈಹಿಕ ಶಿಕ್ಷಣದ ಶಿಕ್ಷಕರಿಗೆ ಗಣಿತದ ಫಲಿತಾಂಶದಿಂದ ಅಂಕ ಬರುವುದು ನನಗೇಕೋ ಸರಿಯೆನಿಸುತ್ತಿಲ್ಲ.

ಉತ್ತರ: ನಿವೃತ್ತ ವಿಷಯ ಪರಿವೀಕ್ಷಕ

ಎರಡನೆಯದು ಸರಿಯಲ್ಲವೇ ಅಲ್ಲ. ತಾನು ಕಲಿಸದ ವಿಷಯದ ಅಂಕವನ್ನು ಶಿಕ್ಷಕರ ಹೆಸರಿಗೆ ಬರೆಯುವುದು ಮೌಲ್ಯಮಾಪನವೇ ಅಲ್ಲ. ಆ ಶಿಕ್ಷಕರ ಜೊತೆ ವರ್ಷದ ಆರಂಭದಲ್ಲಿಯೇ ಕುಳಿತು, ಅವರ ಕ್ಷೇತ್ರದಲ್ಲಿ ಕಾಣಬಹುದಾದ ಎರಡು ಮೂರು ಗುರಿಗಳನ್ನು ಬರೆದುಕೊಳ್ಳಿ. ದೈಹಿಕ ಶಿಕ್ಷಣವಾದರೆ ಆಟಕ್ಕೆ ಬಾರದೆ ಬದಿಯಲ್ಲಿ ಕುಳಿತುಕೊಳ್ಳುವ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಎಷ್ಟು ಮಂದಿ ವರ್ಷದ ಕೊನೆಯ ಹೊತ್ತಿಗೆ ಅಂಗಳಕ್ಕೆ ಇಳಿದರು ಎಂಬುದು ಒಂದು ಗುರಿಯಾಗಬಹುದು. ಶಾಲಾ ತಂಡ ಪಡೆದ ಪದಕಗಳ ಸಂಖ್ಯೆ ಒಳ್ಳೆಯ ಗುರಿಯಲ್ಲ, ಏಕೆಂದರೆ ಅದು ಹತ್ತು ಮಕ್ಕಳ ಕಥೆ. ಚಿತ್ರಕಲೆಗೆ ಒಬ್ಬ ವಿದ್ಯಾರ್ಥಿಯ ಜೂನ್ ತಿಂಗಳ ರೇಖಾಚಿತ್ರವನ್ನೂ ಫೆಬ್ರವರಿಯ ರೇಖಾಚಿತ್ರವನ್ನೂ ಪಕ್ಕಪಕ್ಕ ಇಟ್ಟ ಕಡತಕ್ಕಿಂತ ಉತ್ತಮ ಪುರಾವೆ ಬೇಕಿಲ್ಲ.

ಇದೇ ನೆಪದಲ್ಲಿ ಪರೀಕ್ಷೆಯ ಅಂಕಕ್ಕೆ ಸಿಕ್ಕದ ಇನ್ನೊಂದು ಸಂಗತಿಯನ್ನೂ ಸಮಿತಿಯ ಗಮನಕ್ಕೆ ತನ್ನಿ. ಉಪನ್ಯಾಸಕರು ಹೆಸರಿಸಿದ ಜ್ಯಾಕ್ಸನ್ ಅವರೇ 2018ರಲ್ಲಿ ಒಂಬತ್ತನೆಯ ತರಗತಿಯ ಶಿಕ್ಷಕರನ್ನು ಕುರಿತು ಇನ್ನೊಂದು ಅಧ್ಯಯನ ಪ್ರಕಟಿಸಿದರು. ಕೆಲವು ಶಿಕ್ಷಕರು ಮಕ್ಕಳ ಅಂಕಗಳನ್ನು ಅಷ್ಟಾಗಿ ಹೆಚ್ಚಿಸದಿದ್ದರೂ ಅವರ ಗೈರುಹಾಜರಿಯನ್ನು ತಗ್ಗಿಸಿ, ಅವರು ಸಕಾಲದಲ್ಲಿ ಮುಂದಿನ ತರಗತಿಗೆ ಹೋಗುವಂತೆ ಮಾಡುತ್ತಾರೆ, ಅಂತಹವರ ಮಕ್ಕಳು ಪ್ರೌಢಶಿಕ್ಷಣವನ್ನು ಪೂರೈಸುವ ಸಾಧ್ಯತೆ ಹೆಚ್ಚು ಎಂದು ಅದು ತೋರಿಸಿತು. ಶಾಲೆ ಬಿಟ್ಟುಹೋಗುವ ವಯಸ್ಸಿನ ಮಕ್ಕಳನ್ನು ಉಳಿಸಿಕೊಳ್ಳುವ ಶಿಕ್ಷಕರಿಗೆ ನಿಮ್ಮ ಕರಡಿನಲ್ಲಿ ಒಂದು ಅಂಕವೂ ಇಲ್ಲ. ಇನ್ನೂ ಹೇಳುವುದಾದರೆ, ಹಾಗೆ ಉಳಿಸಿಕೊಂಡ ಮಗು ಪರೀಕ್ಷೆಯಲ್ಲಿ ಅನುತ್ತೀರ್ಣವಾದರೆ ಅವರಿಗೇ ನಷ್ಟ.

ವಿದ್ಯಾರ್ಥಿಗಳ ಅಭಿಪ್ರಾಯದ ಬಗೆಗೆ ಉಪನ್ಯಾಸಕರು ಹೇಳಿದರೆ ಉತ್ತಮ.

ಉತ್ತರ: ಸಂಖ್ಯಾಶಾಸ್ತ್ರದ ಉಪನ್ಯಾಸಕ

ಭಯಕ್ಕೆ ಕಾರಣ ಪ್ರಶ್ನಾವಳಿಯಲ್ಲಿದೆ, ಮಕ್ಕಳಲ್ಲಿಲ್ಲ. ‘ನಿಮ್ಮ ಶಿಕ್ಷಕರು ಹೇಗೆ?’ ಎಂದು ಕೇಳಿದರೆ ಇಷ್ಟಾನಿಷ್ಟವೇ ಉತ್ತರವಾಗಿ ಬರುತ್ತದೆ. ‘ಅರ್ಥವಾಗದಿದ್ದಾಗ ಇನ್ನೊಂದು ರೀತಿಯಲ್ಲಿ ವಿವರಿಸುತ್ತಾರೆಯೇ?’, ‘ಈ ತರಗತಿಯಲ್ಲಿ ಸಮಯ ವ್ಯರ್ಥವಾಗುತ್ತದೆಯೇ?’, ‘ನೀವು ಮಾಡಿದ ತಪ್ಪನ್ನು ಸರಿಪಡಿಸಿಕೊಳ್ಳಲು ಹೇಳಿಕೊಡುತ್ತಾರೆಯೇ?’ ಎಂದು ತರಗತಿಯಲ್ಲಿ ನಡೆಯುವ ಸಂಗತಿಗಳನ್ನೇ ಕೇಳಿದರೆ, ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು ಗಮನವಿಟ್ಟು ಉತ್ತರಿಸುತ್ತಾರೆ. ಪರಿವೀಕ್ಷಕರು ಎರಡು ಪಾಠ ನೋಡುತ್ತಾರೆ, ಮಕ್ಕಳು ವರ್ಷವಿಡೀ ನೋಡಿರುತ್ತಾರೆ. ಮೇಲೆ ಉಲ್ಲೇಖವಾದ 3,000 ಶಿಕ್ಷಕರ ಅಧ್ಯಯನದಲ್ಲಿ ಇಂತಹ ಪ್ರಶ್ನಾವಳಿಗಳ ಫಲಿತಾಂಶ ಪಾಠ ವೀಕ್ಷಣೆಯ ಅಂಕಗಳಿಗಿಂತ ಹೆಚ್ಚು ಸ್ಥಿರವಾಗಿತ್ತು.

ಕೆಲವು ಎಚ್ಚರಿಕೆಗಳಂತೂ ಬೇಕು. ಹೆಸರು ಬರೆಸಬಾರದು. ಹಾಳೆಗಳನ್ನು ಆ ಶಿಕ್ಷಕರೇ ಹಂಚಿ ಸಂಗ್ರಹಿಸಬಾರದು. ಹತ್ತಿಪ್ಪತ್ತು ಮಕ್ಕಳಿರುವ ವಿಭಾಗದಲ್ಲಿ ಕೈಬರಹದಿಂದಲೇ ಯಾರೆಂದು ತಿಳಿಯುವುದರಿಂದ ಗುರುತು ಹಾಕುವ ಪ್ರಶ್ನೆಗಳು ಮಾತ್ರ ಇರಲಿ. ಪ್ರತಿ ಪ್ರಶ್ನೆಗೂ ಬಂದ ಉತ್ತರಗಳ ಹಂಚಿಕೆಯನ್ನು ಶಿಕ್ಷಕರಿಗೆ ಮೊದಲು ಕೊಟ್ಟು, ಅವರು ಅದನ್ನು ನೋಡಿ ಒಂದು ಪುಟದ ಪ್ರತಿಕ್ರಿಯೆ ಬರೆದ ಮೇಲೆಯೇ ಅದು ಕಡತಕ್ಕೆ ಸೇರಲಿ. ಮೊದಲ ಎರಡು ವರ್ಷ ಅದಕ್ಕೆ ಅಂಕವನ್ನೇ ಇಡಬೇಡಿ. ವಿಜ್ಞಾನ ಶಿಕ್ಷಕರು ಸ್ವಮೌಲ್ಯಮಾಪನದ ಬಗ್ಗೆ ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ, ಆ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆಂಧ್ರದ ಪ್ರಯೋಗದ ಕುರಿತು ಅವರು ಹೇಳಿದ್ದೂ ನಿಜ, ಆದರೆ ಅದರ ಪಕ್ಕದಲ್ಲಿ ಕೀನ್ಯಾದ್ದನ್ನೂ ಇಡಬೇಕು. ಅಲ್ಲಿ ಬಹುಮಾನ ಪಡೆಯಲು ಶಿಕ್ಷಕರು ಪರೀಕ್ಷಾ ತಯಾರಿಯ ವಿಶೇಷ ತರಗತಿಗಳನ್ನು ಹೆಚ್ಚಿಸಿದರೇ ಹೊರತು ಅವರ ಹಾಜರಾತಿಯೂ ಮಕ್ಕಳಿಗೆ ಕೊಡುವ ಮನೆಗೆಲಸವೂ ಹೆಚ್ಚಲಿಲ್ಲ, ಅಂಕಗಳಲ್ಲಿ ಬಂದ ಏರಿಕೆ ಕಾರ್ಯಕ್ರಮ ಮುಗಿದ ಮೇಲೆ ಉಳಿಯಲಿಲ್ಲ. ಪ್ರೋತ್ಸಾಹ ಎಲ್ಲಿ ಫಲಿಸುತ್ತದೆ ಎಂಬುದು ಪ್ರಶ್ನೆಪತ್ರಿಕೆಯನ್ನು ಬಾಯಿಪಾಠದಿಂದ ಗೆಲ್ಲಬಹುದೇ ಎನ್ನುವುದರ ಮೇಲೆಯೂ ನಿಂತಿದೆ. ನಿಮ್ಮ ಸಮಿತಿಯವರು ಫಲಿತಾಂಶಕ್ಕೆ ಎಷ್ಟೇ ಅಂಕ ಇಡಲಿ, ಅದಕ್ಕೆ ಮುಂಚೆ ಕಳೆದ ಮೂರು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ತರಿಸಿ, ಅವುಗಳಲ್ಲಿ ಪಠ್ಯದ ಸಾಲುಗಳನ್ನೇ ಬರೆದು ಪಡೆಯಬಹುದಾದ ಅಂಕಗಳೆಷ್ಟು ಎಂದು ಒಂದು ಮಧ್ಯಾಹ್ನ ಕುಳಿತು ಎಣಿಸಲಿ.